ಕಾಲಡಿಯ ಕಾರ್ಖಾನೆ

ತಂತ್ರಜ್ಞಾನದ ಇತಿಹಾಸ ಅಂದ್ರೆ ನಮ್ಮ ತಲೆಯಲ್ಲಿ ಒಂದು ಕ್ಯೂ ಇರುತ್ತೆ. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಎತ್ತು-ಕುದುರೆ, ಆಮೇಲೆ ಉಗಿ, ಕೊನೆಗೆ ಕರೆಂಟು. ಮುಂದಿನವರು ಕೌಂಟರ್ ಬಿಟ್ಟ ಮೇಲೆ ಹಿಂದಿನವರ ಸರದಿ. ಹಾಗಾಗಿ ಕಾಲಲ್ಲಿ ತುಳಿದು ಓಡಿಸೋ ಮರಗೆಲಸದ ಮಶೀನು ಅಂತ ಹೇಳಿದ ಕೂಡಲೇ ಎಲ್ಲರ ಬಾಯಲ್ಲೂ ಬರೋ ಮಾತು ಒಂದೇ: "ಓ, ಅದು ಹಳೇ ಕಾಲದ್ದು, ಇನ್ನೂ ಏನೂ ಕಂಡುಹಿಡಿದಿರಲಿಲ್ಲವಲ್ಲ, ಆಗಿಂದು."

ದಿನಾಂಕಗಳನ್ನು ನೋಡಿದರೆ ಈ ಲೆಕ್ಕ ಕೂಡಿಬರೋದಿಲ್ಲ. ಜೇಮ್ಸ್ ವಾಟ್ ತನ್ನ ಉಗಿಯಂತ್ರದ ಸುಧಾರಣೆಗೆ ಪೇಟೆಂಟ್ ಪಡೆದದ್ದು 1769ರಲ್ಲಿ. ಅಮೆರಿಕದಲ್ಲಿ ಕಾಲಿನಿಂದ ಓಡುವ ಗರಗಸ, ಲೇತ್, ತೂತು ಕೊರೆಯುವ ಯಂತ್ರಗಳು ಕ್ಯಾಟಲಾಗ್ ತುಂಬ ಮಾರಾಟಕ್ಕೆ ಬಂದದ್ದು 1870ರ ನಂತರ. ಅಂದರೆ ನೂರು ವರ್ಷ ಆದಮೇಲೆ. ಉಗಿಯಂತ್ರ ಇಟ್ಟ ದೊಡ್ಡ ಕಾರ್ಖಾನೆಗಳು ಬಾಗಿಲು, ಕಿಟಕಿ, ಮೋಲ್ಡಿಂಗ್‌ಗಳನ್ನು ರಾಶಿ ರಾಶಿ ತಯಾರಿಸಿ ರೈಲಿಗೆ ತುಂಬಿ ಕಳಿಸುತ್ತಿದ್ದ ಕಾಲ ಅದು. ಕಾಲಿನ ಮಶೀನು ಹುಟ್ಟಿದ್ದು ಆ ಉಗಿಗೆ ಎದುರಾಗಿ ನಿಲ್ಲೋದಕ್ಕೆ. ಸಣ್ಣ ಊರಿನ ಬಡಗಿಯೊಬ್ಬ ಬಾಯ್ಲರ್ ಕೊಳ್ಳಲಾರ, ಆದರೆ ಒಂದು ಬೀಡು ಕಬ್ಬಿಣದ ಮಶೀನು ಕೊಳ್ಳಬಲ್ಲ ಅನ್ನೋ ಲೆಕ್ಕಾಚಾರದ ಮೇಲೆ ಒಂದು ಇಡೀ ಉದ್ಯಮ ನಿಂತಿತ್ತು.

ನನಗೆ ಈ ಹುಚ್ಚು ಹತ್ತಿದ್ದು ಆನ್‌ಸೈಟ್ ಅಂತ ಚಿಕಾಗೋ ಹತ್ತಿರ ಎರಡು ವರ್ಷ ಇದ್ದಾಗ. ಅಲ್ಲಿಂದ ವಾಯವ್ಯಕ್ಕೆ ಸುಮಾರು 140 ಕಿಲೋಮೀಟರ್ ಹೋದರೆ ರಾಕ್‌ಫರ್ಡ್ ಅನ್ನೋ ಊರು ಸಿಗುತ್ತೆ. ರಾಕ್ ನದಿ ದಂಡೆಯ ಈ ಊರು 19ನೇ ಶತಮಾನದ ಕೊನೆಯಲ್ಲಿ ಪೀಠೋಪಕರಣಗಳಿಗೆ ಹೆಸರುವಾಸಿ. ಸ್ವೀಡನ್‌ನಿಂದ ವಲಸೆ ಬಂದ ಕುಶಲಕರ್ಮಿಗಳು ಅಲ್ಲಿ ಸಾಲು ಸಾಲು ಕಾರ್ಖಾನೆಗಳನ್ನು ಬೆಳೆಸಿದ್ದರು. ಅದೇ ಊರಲ್ಲಿ 1870ರ ದಶಕದಲ್ಲಿ ಬಾರ್ನ್ಸ್ ಸಹೋದರರು ಡಬ್ಲ್ಯು. ಎಫ್. ಅಂಡ್ ಜಾನ್ ಬಾರ್ನ್ಸ್ ಅನ್ನೋ ಕಂಪನಿ ಶುರು ಮಾಡಿದರು. ಒಂದು ಕಡೆ ಊರ ತುಂಬ ದೊಡ್ಡ ಕಾರ್ಖಾನೆಗಳು, ಇನ್ನೊಂದು ಕಡೆ ಅಂಥ ಕಾರ್ಖಾನೆಗಳ ಜೊತೆ ಪೈಪೋಟಿ ಮಾಡೋಕೆ ಬಡಗಿಗಳಿಗೆ ಆಯುಧ ಮಾಡಿಕೊಡೋ ಕಂಪನಿ. ಎರಡೂ ಒಂದೇ ನದಿ ದಂಡೆ ಮೇಲೆ!

ಬಾರ್ನ್ಸ್‌ನವರ ಹೆಸರಾಂತ ಮಾಲು ಅಂದರೆ ವೆಲಾಸಿಪೀಡ್ ಸ್ಕ್ರಾಲ್ ಸಾ. ವೆಲಾಸಿಪೀಡ್ ಅಂದರೆ ಸೈಕಲ್ಲಿನ ಹಳೇ ಹೆಸರು. 1869ರ ಸುಮಾರಿಗೆ ಅಮೆರಿಕದಲ್ಲಿ ಅದರ ಕ್ರೇಜ್ ಜೋರಾಗಿತ್ತು. ಈ ಮಶೀನಲ್ಲೂ ಒಂದು ಸೀಟು, ಎರಡು ಪೆಡಲು. ಕೂತು ತುಳಿದರೆ ಎದುರಿಗಿರೋ ಸಣ್ಣ ಗರಗಸದ ಎಲೆ ಮೇಲೆ ಕೆಳಗೆ ಆಡುತ್ತೆ. ಎರಡೂ ಕೈ ಖಾಲಿ, ಹಲಗೆಯನ್ನು ಬೇಕಾದ ಹಾಗೆ ತಿರುಗಿಸಿಕೊಂಡು ಬಳ್ಳಿ, ಹೂವು, ಸುರುಳಿ ಕುಯ್ಯಬಹುದು. ಇಂಥದೇ ಯಂತ್ರಗಳನ್ನು ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಕಂಪನಿ, ಮ್ಯಾಸಚೂಸೆಟ್ಸ್‌ನ ಮಿಲ್ಲರ್ಸ್ ಫಾಲ್ಸ್ ಕಂಪನಿಗಳೂ ಮಾಡುತ್ತಿದ್ದವು. ಮಿಲ್ಲರ್ಸ್ ಫಾಲ್ಸ್‌ನವರ 'ನ್ಯೂ ರೋಜರ್ಸ್' ಅನ್ನೋ ಪುಟ್ಟ ಗರಗಸ ಮನೆಮನೆಯ ಹವ್ಯಾಸಿಗಳಿಗೆ. ಬಾರ್ನ್ಸ್‌ನ ದಪ್ಪ ಮಶೀನುಗಳು ಹೊಟ್ಟೆಪಾಡಿನ ಬಡಗಿಗಳಿಗೆ. ಅಮೆರಿಕದ ಹಳೇ ಮನೆಗಳ ಸೂರಂಚಿಗೆ ಲೇಸ್ ಹೊಲಿದ ಹಾಗೆ ಮರದ ಕೆತ್ತನೆ ಇರುತ್ತಲ್ಲ, ಅದು ಈ ಥರದ ಗರಗಸಗಳ ಕೆಲಸ. ಬೆಂಗಳೂರಿನ ಹಳೇ ಬಂಗಲೆಗಳ ಕಿಟಕಿ ಮೇಲಿನ 'ಮಂಕಿ ಟಾಪ್' ನೋಡಿದ್ದರೆ, ಅದೇ ಕಾಲದ ಅದೇ ಫ್ಯಾಷನ್ನಿನ ದೂರದ ನೆಂಟ ಅಂದುಕೊಳ್ಳಿ.

ನಿಮಗೆ ಈ ಯಂತ್ರ ಪೂರ್ತಿ ಅಪರಿಚಿತ ಏನಲ್ಲ. ನಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಟೈಲರ್ ಅಂಗಡಿ ಇತ್ತು. ಟೈಲರಣ್ಣ ಬಲಗೈಯಲ್ಲಿ ಗಾಲಿಗೆ ಒಂದು ಚಿಕ್ಕ ತಳ್ಳು ಕೊಟ್ಟು, ಆಮೇಲೆ ಪಾದ ಆಡಿಸೋರು. ನಾವು ಹುಡುಗರು ಕದ್ದು ಕೂತು ತುಳಿದರೆ ಗಾಲಿ ಉಲ್ಟಾ ತಿರುಗಿ ದಾರ ಸಿಕ್ಕಾಗೋದು. ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರ ಆಗಸ್ಟ್ 12ರಂದು. ಮುಂದಿನ ದಶಕಗಳಲ್ಲಿ ಬೀಡು ಕಬ್ಬಿಣದ ಸ್ಟ್ಯಾಂಡು, ಪೆಡಲು, ಗಾಲಿ, ಚರ್ಮದ ಬೆಲ್ಟು ಇರುವ ಆ ರೂಪ ಲೋಕದ ತುಂಬ ಹರಡಿತು. ಮರಗೆಲಸದ ಕಾಲಿನ ಮಶೀನು ಅದರ ದಾಯಾದಿ.

ಕಾಲಿನ ಬಲ ಬಳಸೋ ಐಡಿಯಾ ಮಾತ್ರ ಇದಕ್ಕಿಂತ ಬಹಳ ಹಳೇದು. ಯುರೋಪಿನ ಪೋಲ್ ಲೇತ್ ತಗೊಳ್ಳಿ. ತಲೆಯ ಮೇಲೆ ಬಾಗುವ ಒಂದು ಗಳ, ಅದರಿಂದ ಇಳಿದ ಹಗ್ಗ ಮರದ ತುಂಡಿಗೆ ಒಂದು ಸುತ್ತು ಸುತ್ತಿ ಕೆಳಗಿನ ಪೆಡಲಿಗೆ ಕಟ್ಟಿರುತ್ತೆ. ತುಳಿದರೆ ತುಂಡು ನಮ್ಮ ಕಡೆ ತಿರುಗುತ್ತೆ, ಬಿಟ್ಟರೆ ಗಳ ಮೇಲೆದ್ದು ವಾಪಸ್ ತಿರುಗಿಸುತ್ತೆ. ಉಳಿ ಕೆಲಸ ಮಾಡೋದು ತುಳಿದಾಗ ಮಾತ್ರ. ಅರ್ಧ ಸಮಯ ವೇಸ್ಟು. ಇಂಗ್ಲೆಂಡಿನ ಹೈ ವೈಕೂಂಬ್ ಸುತ್ತಲಿನ ಬೀಚ್ ಮರದ ಕಾಡುಗಳಲ್ಲಿ ಕುರ್ಚಿ ಕಾಲು ಕಡೆಯುವವರು 20ನೇ ಶತಮಾನದ ಮಧ್ಯದವರೆಗೂ ಇದನ್ನೇ ಬಳಸುತ್ತಿದ್ದರು. ನಮ್ಮ ಕಡೆ ಕಥೆ ಬೇರೆ. ಭಾರತದ ಕಡೆತದ ಕೆಲಸಗಾರ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆದು ಮರ ತಿರುಗಿಸಿ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಅದು ಅಲುಗಾಡದ ಹಾಗೆ ಕಾಲಿನ ಬೆರಳಿಂದ ಒತ್ತಿಕೊಳ್ಳುತ್ತಿದ್ದ. ಅಲ್ಲಿ ಕಾಲು ಶಕ್ತಿ ಕೊಟ್ಟಿತು. ಇಲ್ಲಿ ಕಾಲು ಹದ ಕೊಟ್ಟಿತು.

ಪೋಲ್ ಲೇತಿನ ಅರ್ಧ ವೇಸ್ಟಿಗೆ ಮದ್ದು ಕ್ರ್ಯಾಂಕ್ ಮತ್ತು ಭಾರದ ಗಾಲಿ. ಪೆಡಲು, ಕ್ರ್ಯಾಂಕ್, ಫ್ಲೈವೀಲ್ ಮೂರೂ ಇರುವ ಲೇತಿನ ಚಿತ್ರವನ್ನು ಲಿಯನಾರ್ಡೊ ಡಾ ವಿಂಚಿ 15ನೇ ಶತಮಾನದ ಕೊನೆಯ ಭಾಗದಲ್ಲೇ ಬರೆದಿಟ್ಟಿದ್ದಾನೆ. ಕಾಗದದ ಮೇಲೆ ಡಿಸೈನ್ ರೆಡಿ. ಆದರೆ ಅದು ಸಣ್ಣಪುಟ್ಟ ಊರಿನ ಬಡಗಿಯ ಅಂಗಡಿಗೆ ಸಿದ್ಧ ಸರಕಾಗಿ ಬಂದು ಇಳಿಯೋಕೆ ಸುಮಾರು ನಾಲ್ಕು ಶತಮಾನ ಕಾಯಬೇಕಾಯಿತು. ಯಾಕೆ? ಭಾರದ ಗಾಲಿ ಅಗ್ಗವಾಗಿ ಎರಕ ಹೊಯ್ಯುವ ಬೀಡು ಕಬ್ಬಿಣ ಬೇಕಿತ್ತು, ಅದನ್ನು ಊರಿಗೆ ತಲುಪಿಸೋಕೆ ರೈಲು ಬೇಕಿತ್ತು, ಇಂಥದೊಂದು ಇದೆ ಅಂತ ತಿಳಿಸೋಕೆ ಅಂಚೆಯಲ್ಲಿ ಬರುವ ಕ್ಯಾಟಲಾಗ್ ಬೇಕಿತ್ತು. ಇವು ಮೂರೂ ಉಗಿಯುಗದ ಕೂಸುಗಳು. ತನ್ನ ಪೈಪೋಟಿದಾರನನ್ನು ಉಗಿಯೇ ಹೆತ್ತು ಸಾಕಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬಿ.ಇ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಆರೋಗ್ಯವಂತ ಮನುಷ್ಯನ ಕಾಲು ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್, ಒಂದು ಹಾರ್ಸ್‌ಪವರ್‌ನ ಹತ್ತನೇ ಒಂದು ಭಾಗ. ನಿಮ್ಮ ಅಡುಗೆಮನೆಯ 750 ವ್ಯಾಟ್ ಮಿಕ್ಸಿ ಹತ್ತು ಜನರ ಕಾಲಿಗೆ ಸಮ. ಇನ್ನೊಂದು ಸಮಸ್ಯೆ: ಕ್ರ್ಯಾಂಕು ನೆತ್ತಿಗೆ ಅಥವಾ ಪಾತಾಳಕ್ಕೆ ಬಂದ ಕ್ಷಣದಲ್ಲಿ ಎಷ್ಟು ತುಳಿದರೂ ತಿರುಗೋದಿಲ್ಲ. ಆ ಕ್ಷಣವನ್ನು ದಾಟಿಸೋದು ಗಾಲಿ. 45 ಸೆಂಟಿಮೀಟರ್ ಅಗಲದ, ಅಂಚಿನಲ್ಲೇ ತೂಕ ಇರುವ 15 ಕಿಲೋ ಗಾಲಿ ನಿಮಿಷಕ್ಕೆ 150 ಸುತ್ತು ಹಾಕಿದರೆ ಅದರೊಳಗೆ ಸುಮಾರು 90 ಜೂಲ್ ಶಕ್ತಿ ಕೂಡಿಟ್ಟಿರುತ್ತೆ. ಅಂದರೆ ಕಾಲಿನ ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ದುಡಿಮೆ. ಇಡೀ ಯಂತ್ರದ ಗುಟ್ಟು ಇರೋದು ಆ ಒಂದು ಸೆಕೆಂಡಿನ ಉಳಿತಾಯ ಖಾತೆಯಲ್ಲಿ.

ನನಗೆ ಸಿಕ್ಕಿದ ಮಶೀನು ಒಬ್ಬ ರೈತರ ಕೊಟ್ಟಿಗೆಯಲ್ಲಿ, ಹುಲ್ಲಿನ ಕಂತೆಗಳ ಹಿಂದೆ ಇತ್ತು. ಗ್ರೀಸು, ಧೂಳು, ತುಕ್ಕು ಸೇರಿ ಒಂದು ಪದರ. ಬಟ್ಟೆಯಲ್ಲಿ ಒರೆಸಿದಾಗ ಕಬ್ಬಿಣದಲ್ಲೇ ಎರಕವಾದ ಅಕ್ಷರಗಳಲ್ಲಿ ರಾಕ್‌ಫರ್ಡ್ ಅನ್ನೋ ಹೆಸರು ಕಂಡಿತು. ಮಾರುವವರು "ಒಂದು ಮೋಟರ್ ಕೂರಿಸಿದ್ರೆ ಚೆನ್ನಾಗಿ ಓಡುತ್ತೆ" ಅಂತ ಸಲಹೆ ಕೊಟ್ಟರು. ಫೋನಲ್ಲಿ ಅಮ್ಮ "ಅಷ್ಟು ದೂರ ಹೋಗಿ ಗುಜರಿ ತಗೊಂಡ್ಯೇನೋ?" ಅಂದಳು.

ಇಂಥ ಮಶೀನಿನ ಜಾತಕ ಓದೋದು ಹೇಗೆ? ಮೊದಲ ಸುಳಿವು ಪೇಟೆಂಟ್ ದಿನಾಂಕ. ಆ ಕಾಲದ ಕಂಪನಿಗಳು ಪೇಟೆಂಟ್ ಸಿಕ್ಕಿದ ತಾರೀಖನ್ನು ಎರಕದಲ್ಲೇ ಹೊಯ್ದುಬಿಡುತ್ತಿದ್ದವು. ಅಮೆರಿಕದಲ್ಲಿ 19ನೇ ಶತಮಾನದ ಮಧ್ಯದಿಂದ ಪೇಟೆಂಟ್ ಹೊರಡೋದು ಮಂಗಳವಾರಗಳಂದು. ಅರ್ಧ ಅಳಿಸಿದ ತಾರೀಖು 8ಓ 3ಓ ಅಂತ ಅನುಮಾನ ಬಂದರೆ ಕ್ಯಾಲೆಂಡರ್ ತೆಗೆದು ನೋಡಿ, ಮಂಗಳವಾರ ಬೀಳುವ ಅಂಕಿಯೇ ಸರಿ. (ಸಿಂಗರ್‌ನ 1851ರ ಆಗಸ್ಟ್ 12 ಕೂಡ ಮಂಗಳವಾರವೇ, ಪರೀಕ್ಷಿಸಿ.) ಒಂಥರಾ ಚೆಕ್‌ಸಮ್. ಆದರೆ ಈ ತಾರೀಖು ಮಶೀನಿನ ಹುಟ್ಟಿದಹಬ್ಬ ಅಲ್ಲ ಅನ್ನೋದು ನೆನಪಿರಲಿ. 'ಇದಕ್ಕಿಂತ ಮುಂಚೆ ಹುಟ್ಟಿರಲಾರದು' ಅಂತಷ್ಟೇ ಅದರ ಅರ್ಥ. 1861ರ ಕಾಯ್ದೆ ಪ್ರಕಾರ ಪೇಟೆಂಟ್ ಅವಧಿ 17 ವರ್ಷ. ಅದೇ ಅಚ್ಚಿನಲ್ಲಿ ಆಮೇಲೂ ಎರಕ ಹೊಯ್ಯುತ್ತಲೇ ಇರಬಹುದು. ಮಾರಾಟಕ್ಕಿಟ್ಟವರು 1876 ಅಂತ ಬೋರ್ಡ್ ಹಾಕಿದ್ದು 1895ರ ಮಾಲು ಆಗಿರೋ ಸಾಧ್ಯತೆ ಯಾವಾಗಲೂ ಇರುತ್ತೆ. ಅದಕ್ಕೇ ಎರಡನೇ ಸುಳಿವು, ಹಳೇ ಕ್ಯಾಟಲಾಗಿನ ಚಿತ್ರಗಳು. ಗಾಲಿಯ ಕಡ್ಡಿಗಳು ನೇರವೋ ಬಾಗಿದವೋ, ಕಾಲುಗಳ ಆಕಾರ ಹೇಗಿದೆ, ಬೇರಿಂಗ್ ಮುಚ್ಚಳಕ್ಕೆ ಎಷ್ಟು ಬೋಲ್ಟು ಅಂತ ಒಂದೊಂದೇ ಹೋಲಿಸಬೇಕು. ಎರಡು ವರ್ಷನ್‌ಗಳ ಕೋಡ್ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕೋ ಕೆಲಸವೇ ಇದು.

ಮೂರನೇ ಸುಳಿವು ಸ್ಕ್ರೂಗಳು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಮರೆಯ ಅಳತೆ ಸೂಚಿಸಿದ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ ಅಮೆರಿಕಕ್ಕೆ 60 ಡಿಗ್ರಿಯ ಅಳತೆ ಮುಂದಿಟ್ಟ. ಆದರೆ ಸ್ಟ್ಯಾಂಡರ್ಡ್ ಬಂದ ಮಾತ್ರಕ್ಕೆ ಎಲ್ಲರೂ ಪಾಲಿಸ್ತಾರೆಯೇ? ನಮ್ಮ ಇಂಡಸ್ಟ್ರಿಯಲ್ಲಿ ಇರೋರಿಗೆ ಉತ್ತರ ಗೊತ್ತು. ಎಷ್ಟೋ ಕಂಪನಿಗಳು ತಮ್ಮದೇ ಅಳತೆಯ ಸ್ಕ್ರೂ ಮಾಡಿಕೊಳ್ಳುತ್ತಲೇ ಇದ್ದವು. ಹಾಗಾಗಿ ತುಕ್ಕು ಹಿಡಿದ ಹಳೇ ಸ್ಕ್ರೂ ಎಸೆದರೆ ಅದಕ್ಕೆ ಸರಿಜೋಡಿ ಅಂಗಡಿಯಲ್ಲಿ ಸಿಗೋದು ಕಷ್ಟ. ಹೊಸ ಸ್ಕ್ರೂ ಕೂರಿಸೋಕೆ ಹಳೇ ತೂತನ್ನೇ ದೊಡ್ಡದು ಮಾಡಿದರೆ, ಆ ಕಾರ್ಖಾನೆಯ ಸಹಿಯನ್ನೇ ಅಳಿಸಿದ ಹಾಗೆ.

ದುರಸ್ತಿಯಲ್ಲಿ ಮೊದಲ ನಿಯಮ, ಆತುರ ಬೇಡ. ಬಿಚ್ಚುವ ಮುಂಚೆ ಪ್ರತಿ ಮೂಲೆಯ ಫೋಟೋ. ಬಿಗಿದ ಬೋಲ್ಟಿಗೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯೋದು. ಬೀಡು ಕಬ್ಬಿಣ ಭಾರ ತಡೆಯುತ್ತೆ, ಏಟು ತಡೆಯೋದಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಬಿಸ್ಕತ್ತಿನ ಹಾಗೆ ಒಡೆಯುತ್ತೆ. ಸಣ್ಣ ಭಾಗಗಳ ತುಕ್ಕಿಗೆ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು. ಭಾಗವನ್ನು ಮೈನಸ್ಸಿಗೆ, ಯಾವುದಾದರೂ ಹಳೇ ಕಬ್ಬಿಣದ ಪಟ್ಟಿಯನ್ನು ಪ್ಲಸ್ಸಿಗೆ ಜೋಡಿಸಿದರೆ ತುಕ್ಕು ಸಡಿಲವಾಗಿ ಕಪ್ಪು ಕೆಸರಾಗಿ ಒರೆಸಿದರೆ ಬರುತ್ತೆ. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತೆ. ಹೈಡ್ರೋಜನ್ ಅನಿಲವೂ ಏಳುತ್ತೆ, ಗಾಳಿ ಆಡೋ ಜಾಗದಲ್ಲೇ ಮಾಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುಕಾಗದದಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ.

ಬೇರಿಂಗ್‌ಗಳದ್ದು ಇನ್ನೊಂದು ಕಥೆ. ಬಾಸ್ಟನ್ ಕಡೆಯ ಐಸಾಕ್ ಬ್ಯಾಬಿಟ್ 1839ರಲ್ಲಿ ತವರ, ಆಂಟಿಮನಿ, ತಾಮ್ರ ಬೆರೆಸಿದ ಒಂದು ಮೆತ್ತನೆಯ ಲೋಹ ಬಳಕೆಗೆ ತಂದ. ಅದನ್ನು ಕರಗಿಸಿ ದಂಡದ ಸುತ್ತ ಸುರಿದರೆ ಅಲ್ಲೇ ಬೇರಿಂಗ್ ತಯಾರು. ಸವೆಯೋದು ಮೆತ್ತನೆಯ ಬ್ಯಾಬಿಟ್, ಉಳಿಯೋದು ಗಟ್ಟಿ ದಂಡ. ಸವೆದರೆ ಮತ್ತೆ ಸುರಿಯಿರಿ. ಊರಲ್ಲೇ ರಿಪೇರಿ ಆಗಬೇಕು, ಕಂಪನಿಗೆ ಕಾಗದ ಬರೆದು ಕಾಯಬಾರದು ಅನ್ನೋ ಕಾಲಕ್ಕೆ ಹೇಳಿಮಾಡಿಸಿದ ಉಪಾಯ.

ಈಗ ಕಷ್ಟದ ಪ್ರಶ್ನೆ. ಎಷ್ಟು ಸರಿಮಾಡಬೇಕು? ಎಲ್ಲಿ ನಿಲ್ಲಿಸಬೇಕು? ನನ್ನ ಮಶೀನಿನ ಎರಡು ಪೆಡಲುಗಳಲ್ಲಿ ಬಲಗಡೆಯದು ಹಿಮ್ಮಡಿಯ ಜಾಗದಲ್ಲಿ ಹೆಚ್ಚು ಸವೆದಿದೆ. ಎರಕದಲ್ಲಿದ್ದ ಗೀರುಗಳು ಅಲ್ಲಿ ನುಣುಪಾಗಿ ಹೊಳೆಯುತ್ತವೆ. ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿ ಕಪ್ಪು ಬಣ್ಣ ಹೊಡೆದರೆ ಕ್ಯಾಟಲಾಗಿನ ಚಿತ್ರದ ಹಾಗೆ ಆಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಕಂಪನಿ ಮಾಲೀಕರ ಹೆಸರು ಕಬ್ಬಿಣದಲ್ಲಿದೆ, ಪೇಟೆಂಟ್ ತಗೊಂಡವರ ಹೆಸರು ಸರ್ಕಾರಿ ಕಡತದಲ್ಲಿದೆ. ತುಳಿದವನ ಹೆಸರು ಎಲ್ಲೂ ಇಲ್ಲ. ಬಲಗಾಲಿನ ಮೇಲೆ ಭಾರ ಹಾಕಿ ವರ್ಷಗಟ್ಟಲೆ ದುಡಿದ ಒಬ್ಬ ಮನುಷ್ಯ ಬಿಟ್ಟುಹೋದ ಒಂದೇ ಸಹಿ ಆ ಸವೆತ. ತುಕ್ಕು ಕಾಲದ ಕೆಲಸ, ತೆಗೆಯಬಹುದು. ಸವೆತ ಮನುಷ್ಯನ ಕೆಲಸ, ಬಿಡಬೇಕು. ಮೋಟರ್ ಸಲಹೆಗೂ ನನ್ನ ಉತ್ತರ ಇದೇ. ಮೋಟರ್ ಕೂರಿಸಿದರೆ ಅದು ನಿಧಾನವಾದ, ಅಪಾಯಕಾರಿಯಾದ ಒಂದು ಕರೆಂಟ್ ಗರಗಸ ಅಷ್ಟೇ. ಕಾಲು ತೆಗೆದರೆ ಅದರ ಕಥೆಯೇ ಹೋಯಿತು.

ಬೆಂಗಳೂರಿನ ಕೆಫೆಗಳಲ್ಲಿ ಹಳೇ ಹೊಲಿಗೆ ಯಂತ್ರದ ಸ್ಟ್ಯಾಂಡಿಗೆ ಗಾಜು ಕೂರಿಸಿದ ಟೇಬಲ್‌ಗಳನ್ನು ನೋಡಿರ್ತೀರಿ. ಕಾಫಿ ಬರೋವರೆಗೆ ಕಾಲು ತಾನಾಗೇ ಪೆಡಲು ಆಡಿಸುತ್ತೆ. ಎಷ್ಟೋ ಕಡೆ ಪೆಡಲಿಂದ ಗಾಲಿಗೆ ಹೋಗೋ ಕಡ್ಡಿ ಇರೋದಿಲ್ಲ, ಗಾಲಿಯೂ ಇರೋದಿಲ್ಲ. ಪೆಡಲು ಸುಮ್ಮನೆ ಅತ್ತಿತ್ತ ಆಡುತ್ತೆ. ನನಗೆ ಅದನ್ನು ಕಂಡರೆ ಸಿಟ್ಟೇನಿಲ್ಲ, ಗುಜರಿಗೆ ಹೋಗೋದಕ್ಕಿಂತ ವಾಸಿ. ಯಾಕೆಂದರೆ ಕಾಲಿನ ಮಶೀನುಗಳಲ್ಲಿ ಬಹುಪಾಲು ಹೋದದ್ದು ಗುಜರಿಗೇ. ಅಮೆರಿಕದಲ್ಲಿ 1935ರ ಹೊತ್ತಿಗೂ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟಿತ್ತು. ಅಲ್ಲಿವರೆಗೆ ಹಳ್ಳಿಯಲ್ಲಿ ಇವಕ್ಕೆ ಜೀವ ಇತ್ತು. ಆ ವರ್ಷ ಗ್ರಾಮೀಣ ವಿದ್ಯುದೀಕರಣದ ಯೋಜನೆ ಶುರುವಾಯಿತು. ಬೆನ್ನಲ್ಲೇ ಎರಡನೇ ಮಹಾಯುದ್ಧ. 1942ರಲ್ಲಿ ಯುದ್ಧಕ್ಕೆ ಕಬ್ಬಿಣ ಕೊಡಿ ಅಂತ ದೇಶದ ತುಂಬ ಗುಜರಿ ಸಂಗ್ರಹ ನಡೆಯಿತು. ಕೊಟ್ಟಿಗೆಗಳಲ್ಲಿದ್ದ ಹಳೇ ಯಂತ್ರಗಳು ಕುಲುಮೆ ಸೇರಿದವು. ಬಾರ್ನ್ಸ್ ಕಂಪನಿ ಅಷ್ಟರಲ್ಲಿ ಕಾರ್ಖಾನೆಗಳಿಗೆ ಬೇಕಾದ ಡ್ರಿಲ್ಲಿಂಗ್ ಯಂತ್ರಗಳ ಕಡೆ ಹೊರಳಿ ಆಗಿತ್ತು. ಕಾರ್ಖಾನೆಗೆ ಎದುರಾಗಿ ಆಯುಧ ಮಾಡುತ್ತಿದ್ದವರೇ ಕಾರ್ಖಾನೆಗೆ ಆಯುಧ ಮಾಡಿಕೊಟ್ಟರು. ವ್ಯಾಪಾರ ಅಂದ್ರೆ ಹಾಗೇ.

ಮಶೀನು ಓಡಲು ಶುರುವಾದ ದಿನ ನಾನು ವಿಡಿಯೋ ಕಳಿಸಿದ್ದು ನಮ್ಮೂರ ಆಚಾರ್ರಿಗೆ. ಒಂದು ಕಾಲಕ್ಕೆ ಊರಿನ ಬಾಗಿಲು, ನೇಗಿಲು, ತೊಟ್ಟಿಲು ಎಲ್ಲ ಅವರದೇ ಕೈ. ಈಗ ಪೇಟೆಯಿಂದ ರೆಡಿಮೇಡ್ ಬಾಗಿಲು ಬರುತ್ತೆ, ಅದಕ್ಕೆ ಅವರು ಹೋಗಿ ಕೀಲು ಜಡಿದು ಬರ್ತಾರೆ. ಬೇರೆಯವರು ಮಾಡಿದ ಬಾಗಿಲಿಗೆ ಕೂಲಿ. ಸ್ವಂತಕ್ಕೆ ಯಂತ್ರ ಹಾಕೋಣ ಅಂತ ಒಮ್ಮೆ ಹೊರಟಿದ್ದರು. ತ್ರೀ ಫೇಸ್ ಲೈನು, ಶೆಡ್ಡು, ಸಾಲ ಅಂತ ಲೆಕ್ಕ ಹಾಕಿ ಸುಮ್ಮನಾದರು.

ವಿಡಿಯೋ ನೋಡಿ ಫೋನ್ ಮಾಡಿದರು. "ಎರಡಿಂಚು ಹಲಗೆ ಕುಯ್ಯತ್ತಾ?"

"ಮೆತ್ತಗಿನ ಮರ ಆದ್ರೆ ನಿಧಾನಕ್ಕೆ ಕುಯ್ಯುತ್ತೆ ಆಚಾರ್ರೇ."

"ಎಷ್ಟೊತ್ತು ತುಳೀತೀಯ?"

"ಅರ್ಧ ಗಂಟೆ."

ಒಂದು ಕ್ಷಣ ಸುಮ್ಮನಿದ್ದು, "ದಿನಾ ಎಂಟು ಗಂಟೆ ತುಳಿದ್ರೆ ಮಂಡಿ ಹೋಗುತ್ತೆ ಕಣಪ್ಪ" ಅಂದರು. ಆಮೇಲೆ, "ಆದ್ರೆ ನಿಲ್ಸೋದು ಅವನ ಕೈಲೇ ಇತ್ತಲ್ಲ. ಕರೆಂಟು ಬರಲಿ ಅಂತ ಕಾಯ್ಬೇಕಾಗಿರಲಿಲ್ಲ. ಅದು ಒಳ್ಳೇದು."

ಕಾಲಿನ ಮಶೀನಿನ ಇತಿಹಾಸ ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಯಾವ ಕ್ಯಾಟಲಾಗಿನಲ್ಲೂ ಓದಿಲ್ಲ. ಮಂಡಿನೋವು ನಿಜ, ಕೊನೆಗೆ ಕಾರ್ಖಾನೆ ಗೆದ್ದದ್ದೂ ನಿಜ. ಅದಕ್ಕೂ ಮುಂಚೆ ಕೆಲವು ದಶಕಗಳ ಕಾಲ ಸಣ್ಣ ಬಡಗಿಯೊಬ್ಬ ತನ್ನ ಅಂಗಡಿಯಲ್ಲಿ, ತನ್ನ ಹೊತ್ತಿಗೆ, ತನ್ನ ಹೆಸರಲ್ಲಿ ಬಾಗಿಲು ಮಾಡಿ ಮಾರಿದ್ದೂ ಅಷ್ಟೇ ನಿಜ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಅಜ್ಜಿಯ ಹೊಲಿಗೆ ಯಂತ್ರವೋ, ಯಾರೋ ಬಿಟ್ಟುಹೋದ ಬೈರಿಗೆಯೋ, ಗಾಲಿ ಇರುವ ಏನಾದರೂ ಒಂದು ಸಿಕ್ಕೀತು. ಸಿಂಗರ್ ಆಗಿದ್ದರೆ ಮೈಮೇಲಿನ ನಂಬರ್ ಬರೆದುಕೊಳ್ಳಿ. 1900ರಿಂದ ಈಚಿನದಾದರೆ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರ ಇರುತ್ತೆ, ಅದರಿಂದ ವರ್ಷವನ್ನೂ ಕಾರ್ಖಾನೆಯನ್ನೂ ಪತ್ತೆ ಹಚ್ಚಬಹುದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಿಂದ ಹಡಗು ಹತ್ತಿ ಬಂದದ್ದಿರಬಹುದು. ಗಾಲಿಗೆ ಎರಡು ತೊಟ್ಟು ಎಣ್ಣೆ ಬಿಡಿ. ಬಣ್ಣ ಹೊಡೆಯೋಕೆ ಮುಂಚೆ ಪೆಡಲನ್ನು ಬೆಳಕಿಗೆ ಹಿಡಿದು, ಯಾವ ಕಡೆ ಹೆಚ್ಚು ಸವೆದಿದೆ ಅಂತ ಮನೆಯ ಹಿರಿಯರನ್ನು ಕರೆದು ತೋರಿಸಿ. ತುಳಿದವರು ಯಾರು ಅಂತ ಅವರಿಗೆ ಗೊತ್ತಿರುತ್ತೆ.